ವಕೀಲರ ಬುತ್ತಿ

“ಇದು ಒಬ್ಬಳ ಹೆಸರೋ, ಇಬ್ಬರದೋ?” ಎಂದು ಸಾಹೇಬರು ಎರಡು ಕಾಗದಗಳನ್ನು ಮೇಜಿನ ಮೇಲೆ ತಳ್ಳಿದಾಗ ಕುಲಸುಂಬಿ ಬೆಂಚಿನಿಂದ ಅರ್ಧ ಎದ್ದಳು. ಪಾಕಿಸ್ತಾನದ ಪಾಸ್‌ಪೋರ್ಟಿನಲ್ಲಿ ಕುಲ್ಸುಮ್ ಎಂದಿತ್ತು. ಇಲ್ಲೇ ಇರಲು ಬಿಡಿ ಎಂದು ತಮ್ಮ ಹುಸೇನ ಯಾರಿಂದಲೋ ಬರೆಸಿ ಹಾಕಿದ್ದ ಅರ್ಜಿಯಲ್ಲಿ ಕುಲಸುಂಬಿ ಎಂದಿತ್ತು. ಅಷ್ಟಕ್ಕೇ ಅರ್ಜಿ ದಿಲ್ಲಿಗೆ ಹೋಗದೆ ಎಂಟು ತಿಂಗಳು ಚಿಕ್ಕೋಡಿಯ ಈ ಸರಕಾರಿ ಕಚೇರಿಯಲ್ಲೇ ಧೂಳು ತಿಂದಿತ್ತು. ಅಷ್ಟರಲ್ಲಿ ವೀಸಾ ಮುಗಿದಿತ್ತು. ನಾಳೆ ಮುಂಜಾನೆ ಪೊಲೀಸರು ಆಕೆಯನ್ನು ಮೀರಜದಲ್ಲಿ ರೈಲು ಹತ್ತಿಸಿ ಗಡಿ ದಾಟಿಸುವವರಿದ್ದರು.

ಕಾಗವಾಡದಲ್ಲಿ ಹುಟ್ಟಿದವಳು, ಹದಿನಾರಕ್ಕೆ ಮದುವೆಯಾಗಿ ಕರಾಚಿಗೆ ಹೋದವಳು. ಮಕ್ಕಳಿಲ್ಲ. ಗಂಡನನ್ನು ಮಣ್ಣು ಮಾಡಿ ತಮ್ಮನ ಮನೆಗೆ ಬಂದಿದ್ದಳು. ಮತ್ತೆ ಅಲ್ಲಿಗೆ ಹೋದರೆ ಬಾಯಿಗೆ ನೀರು ಬಿಡುವವರೂ ಇರಲಿಲ್ಲ.

ಆಕೆಯ ಪರವಾಗಿ ಬಂದಿದ್ದ ಭೂಪಾಲ ಮಗದುಮ್ಮ ವಕೀಲರು ಮುಂದೆ ಬಂದರು. “ಸಾಹೇಬ್ರ, ತಾವು ಮೈಸೂರ ಕಡೆಯವ್ರು. ನಮ್ಮ ಕಡೆ ಹೆಣ್ಮಕ್ಕಳ ಹೆಸರ ಬೋಳಾಗಿ ಕರ್ಯಾಂಗಿಲ್ರಿ. ಕೆಂಪಿ ಅಂದ್ರ ಸಿಟ್ಟು, ಕೆಂಪವ್ವ ಅಂದ್ರ ಮರ್ಯಾದಿ. ಹಂಗ ಕುಲ್ಸುಮ್‌ಗೆ ‘ಬಿ’ ಹಚ್ಚಿದ್ರ ಕುಲಸುಂಬಿ. ಅರ್ಜಿ ಬರ್ದಾಂವ ಮರ್ಯಾದಿ ಕೊಟ್ಟಾನ, ಅದ ತಪ್ಪಾತು ನೋಡ್ರಿ!”

“ಮರ್ಯಾದೇನ ಫೈಲಿಗೆ ಹಾಕೋಕಾಗುತ್ತೇನ್ರೀ? ದಾಖಲೆ ಬೇಕು.”

ಅದಕ್ಕೇ ಕಾದಿದ್ದವರಂತೆ ವಕೀಲರು ಕರಿಕೋಟಿನ ಕಿಸೆಯಿಂದ ಕಾಗವಾಡದ ಕನ್ನಡ ಶಾಲೆಯ ದಾಖಲೆ ತೆಗೆದರು. ಮೂರು ಸಲ ಬಸ್ಸಿನಲ್ಲಿ ಓಡಾಡಿ ಹುಡುಕಿಸಿದ್ದು. ಯಾವ ಪುಣ್ಯಾತ್ಮ ಮಾಸ್ತರರೋ, ಅವತ್ತೇ ‘ಕುಲ್ಸುಮ್ ಉರ್ಫ್ ಕುಲಸುಂಬಿ’ ಎಂದು ಬರೆದಿಟ್ಟಿದ್ದರು. ಸಾಹೇಬರು ಅದನ್ನು ಎರಡು ಸಲ ಓದಿದರು. “ಸರಿ, ಇಬ್ಬರೂ ಒಬ್ಬಳೇ ಅಂತ ಹೇಳಿಕೆ ಬರ್ಕೊಡಿ. ನಾಳೆ ನೋಡೋಣ.”

“ನಾಳೆ ಇವ್ರು ರೈಲಿನಾಗ ಇರ್ತಾರ್ರಿ. ಈಗ ಇಲ್ಲೇ ಕುಂತ ಬರೀತೀನಿ.”

ಬೆಂಚಿನ ಮೇಲೆ ಕುಲಸುಂಬಿಯ ಪಕ್ಕದಲ್ಲಿ ವಕೀಲರ ಬುತ್ತಿ ಇತ್ತು. ಅವರು ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವವರಲ್ಲ. “ಮುಂಜಾನಿಂದ ಬರೇ ಚಾದ ಮ್ಯಾಲ ಅದಾರ. ಬೆಳಕ ಇದ್ದಾಗ ಉಣ್ಣಸ್ರಿ” ಎಂದು ಅವರ ಹೆಂಡತಿ ಕಮಲಾಬಾಯಿ ಬುತ್ತಿಯನ್ನು ಕುಲಸುಂಬಿಯ ಕೈಗೆ ಕೊಟ್ಟು ಹೇಳಿ ಕಳಿಸಿದ್ದಳು. ಅದು ಎಂಬತ್ತೆಂಟರ ರಮಜಾನ್ ತಿಂಗಳು, ಕುಲಸುಂಬಿಗೂ ರೋಜಾದ ಉಪವಾಸ. ತನ್ನ ಹಸಿವೆ ಆಕೆಗೆ ನೆನಪೇ ಇರಲಿಲ್ಲ. ಕಿಟಕಿಯ ಬಿಸಿಲು ಗೋಡೆ ಏರಿ ಕೆಂಪಾದಾಗ ತಡೆಯಲಾರದೆ ಎದ್ದು ಹೋಗಿ ಪಿಸುಗುಟ್ಟಿದಳು. “ವಕೀಲಸಾಹೇಬ್ರ, ಹೊತ್ತ ಮುಳಗಾಕತ್ತೈತ್ರಿ. ಎರಡ ತುತ್ತ ಉಂಡ ಬರ್ರಿ.”

ವಕೀಲರು ತಲೆ ಎತ್ತಲಿಲ್ಲ. “ನಾ ಎದ್ರ ಸಾಹೇಬ್ರೂ ಏಳ್ತಾರ ಅಕ್ಕಾರ. ಸುಮ್ನ ಕುಂದರ್ರಿ.”

ಮಸೀದಿಯ ಬಾಂಗು ಕೇಳುವ ಹೊತ್ತಿಗೆ ಸಾಹೇಬರ ಸಹಿ ಬಿತ್ತು. ಅರ್ಜಿ ದಿಲ್ಲಿಗೆ ಹೋಗಲಿ, ಅಲ್ಲಿಂದ ಉತ್ತರ ಬರುವತನಕ ಈಕೆಯನ್ನು ಎಲ್ಲಿಗೂ ಕಳಿಸಕೂಡದು ಎಂದು ಆದೇಶವಾಯಿತು.

ಹೊರಗೆ ಮೆಟ್ಟಿಲ ಮೇಲೆ ಕುಲಸುಂಬಿ ಸೆರಗಿನ ಗಂಟು ಬಿಚ್ಚಿದಳು. ಒಂದೇ ಖಜೂರ ಇತ್ತು. ಅರ್ಧ ಮುರಿದು ವಕೀಲರ ಮುಂದೆ ಹಿಡಿದಳು. ಇಂಥವರಿಗೆ ಏನು ಕೊಟ್ಟರೆ ತೀರೀತು ಎಂದು ಆಕೆಯ ಕಣ್ಣು ತುಂಬಿತ್ತು.

“ನಿಮ್ಮ ಉಪವಾಸ ಮುಗೀತು, ನಂದು ಈಗ ಸುರು ಆತ್ರಿ” ಎಂದು ನಕ್ಕು, ವಕೀಲರು ಬುತ್ತಿಯ ಡಬ್ಬಿಯನ್ನು ಆಕೆಯ ಮಡಿಲಲ್ಲಿಟ್ಟರು. “ರೊಟ್ಟಿ, ಹೆಸರಕಾಳಿನ ಪಲ್ಲೆ ಐತಿ. ಹೊಟ್ಟಿತುಂಬ ಉಣ್ರಿ.”

ನಾಲ್ಕು ಹೆಜ್ಜೆ ಹೋದವರು ಏನೋ ನೆನಪಾಗಿ ತಿರುಗಿದರು.

“ಡಬ್ಬಿ ಮಾತ್ರ ನಾಳೆ ಮುಂಜಾನೆ ತೊಳದ ತಂದ ಕೊಡ್ರಿ, ಅಕ್ಕಾರ.”