ಹಿಡಿಯ ಪರೀಕ್ಷೆ

ಹದಿನೆಂಟು ವರ್ಷದಿಂದ ಹಲ್ಲಿನ ಡಾಕ್ಟರುಗಳಿಗೆ ಸಲಕರಣೆ ಮಾರುತ್ತಿದ್ದರೂ, ಅವನು ಒಬ್ಬರ ಮುಂದೆಯೂ ಬಾಯಿ ತೆರೆದು ಕೂತವನಲ್ಲ. ಅಷ್ಟು ಹೆದರಿಕೆ. ಆ ದಿನ, ಹಲ್ಲಿನ ಪಾಚಿ ಕೆರೆಯುವ ಸಲಕರಣೆಗೆ ಬಂದಿದ್ದ ನಾಲ್ಕು ಹೊಸ ಬಗೆಯ ಹಿಡಿಗಳನ್ನು ಡಾಕ್ಟರಮ್ಮನ ಮುಂದೆ ಹರಡಿದ.

"ಕೈ ನೋಯಲ್ಲ ಅಂತೀರಿ. ಕೆಲಸ ಮಾಡಿ ನೋಡದೆ ಹೇಗೆ ಗೊತ್ತಾಗತ್ತೆ? ಕೂತ್ಕೊಳ್ಳಿ."

ಹೆದರಿಕೆಗಿಂತ ಆರ್ಡರು ದೊಡ್ಡದು; ಕೂತ. ದಪ್ಪನೆಯ ಹಿಡಿಯ ಪರೀಕ್ಷೆ ಮೇಲಿನ ಬಲಗಡೆ ನಡೆಯಿತು, ರಬ್ಬರಿನದು ಎಡಗಡೆ. ಉಳಿದೆರಡು ಕೆಳಗೆ.

ಬಾಯಿ ಮುಕ್ಕಳಿಸಿ ಕೇಳಿದ: "ಯಾವುದು ಬರ್ಕೊಳ್ಳಲಿ, ಮೇಡಂ?"

"ಯಾವುದೂ ಬೇಡ. ನನ್ನ ಹಳೇದೇ ಸಾಕು," ಎಂದ ಡಾಕ್ಟರಮ್ಮ ಫೋನು ಎತ್ತಿ ನಂಬರು ಒತ್ತಿದರು. "ಹಲೋ, ನೀವು ಹೇಳಿಕೊಟ್ಟ ಹಾಗೇ ಮಾಡ್ದೆ ಕಣ್ರೀ. ನಾಲ್ಕೂ ಕಡೆ ಕ್ಲೀನಾಯ್ತು. ನಿಮ್ಮ ಯಜಮಾನ್ರು ಹೆದರೋದನ್ನೇ ಮರೆತುಬಿಟ್ರು."