ಹುಡುಗನ ಪಿಕಪ್

ಮೆಕ್ಯಾನಿಕ್ ಪಿಕಪ್‌ನ ಮೂತಿಯ ಮೇಲೆ ಎರಡೂ ಕೈ ಊರಿದ. ಮೈಭಾರ ಬಿಟ್ಟು ಅದುಮಿ, ಥಟ್ಟನೆ ಕೈ ತೆಗೆದ. ಸರಿಯಿರುವ ಗಾಡಿ ಒಮ್ಮೆ ಎದ್ದು ನಿಂತುಬಿಡುತ್ತದೆ. ಇದು ಎದ್ದಿತು, ಕುಸಿಯಿತು, ಮತ್ತೆ ಎದ್ದಿತು, ಸಾಲದೆಂಬಂತೆ ಇನ್ನೂ ತೂಗಾಡಿತು. ಆ ಕುಲುಕಾಟಕ್ಕೆ ಹಿಂದಿನ ತೊಟ್ಟಿಯಲ್ಲಿ ನಿಂತಿದ್ದ ಮೀನಿನ ನೀರು ತುಳುಕಿ ಅಂಗಳಕ್ಕೆ ಸುರಿಯಿತು.

"ಥೂ," ಅಂದ.

ಪಕ್ಕದಲ್ಲಿದ್ದ ಹುಡುಗ ಆ ಥೂ ಯಾರಿಗೆ ಎಂದು ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಆಳು ಗ್ಯಾರೇಜಿನ ಷಟರಿಗೆ ತಲೆ ತಾಗುವಷ್ಟು ಉದ್ದ. ಮದುವೆಯಾದರೆ ಇವನನ್ನೇ ಎಂದು ಮಗಳು ಹಟ ಹಿಡಿದಿದ್ದಳು. ಅಂಗಡಿಗಳಿಗೆ ಮೀನು ಹಾಕುವ ವ್ಯಾಪಾರ ಅವನದು. ಅವಳು ಅಲ್ಲೇ ಕೆಲಸಕ್ಕಿದ್ದಳು. ಏನು ಕೆಲಸ ಎಂದರೆ "ಎಲ್ಲಾ ನಾನೇ ನೋಡ್ಕೋತೀನಿ" ಅನ್ನುತ್ತಿದ್ದಳು. ಟೇಬಲ್ಲು, ಫೋನು ಇರುವ ಕೆಲಸ ಎಂಬ ಸಮಾಧಾನ ಅಪ್ಪನಿಗಿತ್ತು.

ಬೇರೆಯವರು ಹುಡುಗನ ಮನೆ ನೋಡುತ್ತಾರೆ, ಸಂಬಳ ವಿಚಾರಿಸುತ್ತಾರೆ. ಮೆಕ್ಯಾನಿಕ್ ಕೇಳಿದ್ದು ಒಂದೇ: ಗಾಡಿ ತಂದು ತೋರಿಸಲಿ. ಮನುಷ್ಯ ಎದುರಿಗೆ ನಾಟಕ ಆಡಬಹುದು, ಅವನ ಗಾಡಿಯ ಹೊಟ್ಟೆ ಆಡುವುದಿಲ್ಲ ಎಂಬುದು ಅವನ ನಂಬಿಕೆ. ಕೆಲಸಗಾರರನ್ನು ಹೀಗೇ ಆರಿಸಿದ್ದ, ಪಾಲುದಾರನೊಬ್ಬನನ್ನು ಹೀಗೇ ದೂರ ಇಟ್ಟಿದ್ದ. ಇದುವರೆಗೆ ತಪ್ಪಿರಲಿಲ್ಲ.

ಹುಡುಗನ ಜೊತೆಗೇ ಬಂದಿಳಿದ ಮಗಳು ಕೈಕಾಲು ತೊಳೆಯಲು ಒಳಗೆ ಹೋಗಿದ್ದಳು.

"ಬಾನೆಟ್ ತೆಗಿ."

ಹುಡುಗ ಕ್ಯಾಬಿನ್ನಿಗೆ ಬಗ್ಗಿ ತಡಕಾಡಿದ. ವೈಪರ್ ಆಡಿತು. ಹಾರ್ನ್ ಕೂಗಿತು. ಬಾನೆಟ್ ಅಲುಗಲಿಲ್ಲ. ಮೆಕ್ಯಾನಿಕ್ ಅವನನ್ನು ಸರಿಸಿ ತಾನೇ ಎಳೆದ.

"ಹುಟ್ಟಿದಾಗಿಂದ ಒಂದ್ಸಲನೂ ಇದನ್ನ ತೆಗೆದಿಲ್ಲ ಅನ್ಸುತ್ತೆ."

"ಇಲ್ಲ ಮಾವ."

"ಮಾವ ಇನ್ನೂ ದೂರ ಇದಾನೆ. ಬ್ರೇಕ್ ಹಾಕಿದ್ರೆ ಮೂತಿ ನೆಲಕ್ಕೆ ಕುಕ್ಕುತ್ತಾ?"

"ತುಂಬಾ. ಎರಡೂ ಕೈ ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡ್ಕೋಬೇಕು."

"ಎರಡೂ ಕೈ?"

"ಇಲ್ಲಾಂದ್ರೆ ಹಣೆ ಒಡೆಯುತ್ತೆ."

ಬ್ರೇಕ್ ಒತ್ತಿ ಸ್ಟೇರಿಂಗ್ ಬಿಡುವ ಆಸಾಮಿಯನ್ನು ಮೆಕ್ಯಾನಿಕ್ ಇದೇ ಮೊದಲು ನೋಡುತ್ತಿದ್ದ. ಗಾಡಿಯನ್ನು ಒಳಗೆ ತರಲು ಅವನಿಗೆ ಬಿಡದೆ ತಾನೇ ಹತ್ತಿದ. ಸೀಟು ಎಷ್ಟು ಮುಂದಿತ್ತೆಂದರೆ ಹೊಟ್ಟೆ ಸ್ಟೇರಿಂಗಿಗೆ ಒತ್ತಿತು. ಕಾಲ ಬುಡದಲ್ಲಿ ಕೊಳೆತ ಕಿತ್ತಳೆ ಸಿಪ್ಪೆ. ಪೆಡಲಿಗೆ ಒಣಗಿ ಅಂಟಿದ ಮೀನಿನ ಹುರುಪೆ. ಸ್ಟೇರಿಂಗಿನ ಅಡಿಯಲ್ಲಿ ಮೆತ್ತಗೆ ಏನೋ ಬೆರಳಿಗೆ ಸಿಕ್ಕಿತು. ಜಗಿದು ಅಂಟಿಸಿದ ಚೂಯಿಂಗ್ ಗಮ್. ಇನ್ನೂ ಒದ್ದೆಯಿತ್ತು. ಬೆರಳನ್ನು ಪ್ಯಾಂಟಿಗೆ ಉಜ್ಜಿದ. ಇಂಥ ಪ್ರಾಣಿಯ ಜೊತೆ ಒಂದೇ ಮನೆಯಲ್ಲಿ ಹೇಗೆ ಬಾಳುವುದು?

ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಬಿಚ್ಚಿದ. ಟೈರಿನ ಮೇಲೆ ಅಂಗೈ ಆಡಿಸಿದರೆ ಬರೀ ಹಳ್ಳ ದಿಣ್ಣೆ. ಶಾಕ್ ಅಬ್ಸಾರ್ಬರಿನ ಸೀಲ್ ಹರಿದು ಎಣ್ಣೆ ಇಳಿದಿತ್ತು. ಧೂಳು, ಮೀನಿನ ನೀರು ಅದಕ್ಕೆ ಸೇರಿ ಕರಿ ಲೋಳೆಯಾಗಿ ಅವನ ಮೊಣಕೈವರೆಗೆ ಹರಿಯಿತು. ನಾತ ತಡೆಯಲಾರದೆ ಬಾಯಲ್ಲಿ ಉಸಿರಾಡಿದ. ಒಳಗಿನ ರಬ್ಬರ್ ಬುಶ್ಶುಗಳು ಪುಡಿಪುಡಿ.

"ಹಂಪ್ ಕಂಡ್ರೆ ನಿಧಾನ ಮಾಡೋದು ಅಂತ ಒಂದಿದೆ. ಕೇಳಿದೀಯಾ?"

"ನಾನೂ ಅದನ್ನೇ ಹೇಳ್ತಿರ್ತೀನಿ."

"ಯಾರಿಗೆ, ಮೀನಿಗಾ?"

ಹುಡುಗ ಮನೆಯ ಬಾಗಿಲ ಕಡೆ ನೋಡಿದ.

ಈಗಲೇ ಇವನನ್ನು ಗಾಡಿ ಸಮೇತ ಆಚೆ ದಬ್ಬಬಹುದಿತ್ತು. ಆದರೆ ಶಾಕ್ ಸತ್ತ ಗಾಡಿ ಬ್ರೇಕ್ ಹಾಕಿದ ಜಾಗದಲ್ಲಿ ನಿಲ್ಲುವುದಿಲ್ಲ. ರಸ್ತೆಯಲ್ಲಿ ಯಾರದೋ ಮಗು ಅಡ್ಡ ಬಂದರೆ? ಸಂಬಂಧ ಬೇರೆ, ಕೆಲಸ ಬೇರೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ನೆನೆಯಲು ಕಾದು, ಬಿಚ್ಚಿದ. ಹಳೆಯ ಶಾಕನ್ನು ಕೈಯಲ್ಲಿ ಅದುಮಿದರೆ ಒಳಗೆ ಜಾರಿ ಅಲ್ಲೇ ಉಳಿಯಿತು. ಮೂಲೆಗೆ ಎಸೆದ. ಅಲ್ಲೂ ಅದು ಲೋಳೆ ಬಿಡುತ್ತಿತ್ತು.

"ಈ ಕಡೆದು ಒಂದು ಹಾಕಿದ್ರೆ ಸಾಲದಾ?" ಹುಡುಗ ಕೇಳಿದ.

"ಚಪ್ಪಲಿ ಒಂದೇ ಕಾಲಿಗೆ ಹಾಕ್ತೀಯಾ? ಸುಮ್ನೆ ನಿಂತ್ಕೋ."

ಹೊಸ ಶಾಕುಗಳನ್ನು ನೆಟ್ಟಗೆ ಹಿಡಿದು ಒತ್ತಿ, ಎಳೆದು, ಒಳಗಿನ ಗಾಳಿ ತೆಗೆದು ಎರಡೂ ಕಡೆ ಕೂರಿಸಿದ. ಗಾಡಿ ತನ್ನ ಚಕ್ರದ ಮೇಲೆ ನಿಂತ ಮೇಲೆಯೇ ಬೋಲ್ಟುಗಳನ್ನು ಪೂರ್ತಿ ಬಿಗಿದ. ಮೂತಿ ಅದುಮಿ ಬಿಟ್ಟ. ಒಮ್ಮೆ ಎದ್ದು ನಿಂತಿತು.

ಮಗಳು ಬಾಗಿಲಿಗೆ ಬಂದಿದ್ದಳು.

"ಒಳಗೆ ಹೋಗು."

"ಇಲ್ಲೇ ಇರ್ತೀನಿ. ಹೇಳೋದನ್ನ ನನ್ನ ಮುಂದೇನೇ ಹೇಳು."

"ಸರಿ, ಕೇಳಿಸ್ಕೋ." ಮೆಕ್ಯಾನಿಕ್ ಕೈಯ ಲೋಳೆಯನ್ನು ಬಟ್ಟೆಗೆ ಒರೆಸಿದ. ಅದು ಹೋಗಲಿಲ್ಲ. "ಈ ಗಾಡಿ ಓಡಿಸೋ ಕೈ ಹೊಲಸು ಕೈ. ತಿಂದಿದ್ದು ತೆಗೆಯಲ್ಲ, ಹಂಪ್ ನೋಡಲ್ಲ, ಎದುರಿಗೆ ಬರೋರ ಜೀವದ ಭಯ ಇಲ್ಲ. ಅಪ್ಪ ಅಮ್ಮ ಏನೂ ಕಲಿಸಿಲ್ಲ. ಇದನ್ನ ಕಟ್ಕೊಂಡೋರು ಜೀವಮಾನ ಇಡೀ ಹಿಂದಿಂದೆ ಗುಡಿಸ್ತಾ ಹೋಗ್ಬೇಕು."

ಮಗಳ ಮುಖ ಕೆಂಪಾಯಿತು. ಏನೋ ಹೇಳಲು ಹೊರಟವಳನ್ನು ಹುಡುಗ ಕಣ್ಣಲ್ಲೇ ತಡೆದ.

"ಗುಡಿಸೋಕೆ ನಾನು ತಯಾರಿದೀನಿ ಮಾವ," ಅಂದ.

"ಈಗ ಹೇಳ್ತೀಯಾ. ನಾಳೆ ಮರೀತೀಯಾ. ಈ ಸಂಬಂಧ ಬೇಡ. ಗಾಡಿ ತಗೊಂಡು ಹೊರಡು." ಜೇಬಿನಿಂದ ಕೀ ತೆಗೆದು ಅವನ ಮುಂದೆ ಚಾಚಿದ.

ಹುಡುಗ ಕೈ ನೀಡಲಿಲ್ಲ.

"ಅಪ್ಪ, ಕೀ ನನಗೆ ಕೊಡು," ಅಂದಳು ಮಗಳು. "ಅವರಿಗೆ ಗಾಡಿ ಓಡಿಸೋಕೇ ಬರಲ್ಲ."