ಗಂಗೊಳ್ಳಿಯಲ್ಲಿ ತೇಲಿದ ದೋಣಿ

ಗಂಗೊಳ್ಳಿಯಿಂದ ಕಡಲು ಹಿಂದೆ ಸರಿದು ನಲವತ್ತು ವರ್ಷವಾಗಿತ್ತು. ಹೊಳೆಯೂ ಬತ್ತಿತ್ತು. ಜನ ಅಳಿವೆಯನ್ನು ಬಸ್ಸಿನಲ್ಲಿ ದಾಟುತ್ತಿದ್ದರು. ಒಂದು ಕಾಲಕ್ಕೆ ಅಲ್ಲಿ ದೋಣಿ ನಡೆಸುತ್ತಿದ್ದ ಚಿಕ್ಕು ಖಾರ್ವಿ ಎಂಬಾಕೆ ತೀರಿಕೊಂಡ ವರ್ಷಕ್ಕೆ, ಮಗಳು ಜಲಜ, ತಾನು 'ಅಬ್ಬಿ' ಎಂದು ಕರೆಯುತ್ತಿದ್ದ ಅಮ್ಮ ದೋಣಿಗೆ ಹಾಕುತ್ತಿದ್ದ ಹುಟ್ಟನ್ನೇ ಕೊಯ್ದು ಮೊಳದುದ್ದದ ದೋಣಿಯೊಂದನ್ನು ಕಟ್ಟಿದಳು.

ನೋಡಲು ಬಂದ ಬಸ್ಸಿನ ಚಾಲಕ ಗಣಪ ಎಳೆಯ ಪ್ರಾಯದವನು. "ಚಂದ ಇತ್ತ್. ಆದ್ರೆ ಇದ್ ನಿಜ್ವಾಯ್ಲೂ ತೇಲತ್ತಾ?" ಎಂದು ಕೇಳಿದ.

ನೀರಿನ ಲಾರಿಯವರು ಮನೆಗೆ ದಿನಕ್ಕೆ ಎರಡೇ ಕೊಡ ನೀರು ಕೊಡುತ್ತಿದ್ದರು. ಜಲಜ ಅವೆರಡನ್ನೂ ಅಂಗಳದ ತೊಟ್ಟಿಗೆ ಸುರಿದಳು. ತಳ ಮಾತ್ರ ಮುಚ್ಚಿತು.

ಪಕ್ಕದ ಮನೆಯ ಬುಡಾನ್ ಸಾಹೇಬರು ತಮ್ಮ ಕೊಡ ಹೊತ್ತು ತಂದರು. "ನನ್ ಮದಿ ದಿಬ್ಬಣ ದಾಟ್ಸದ್ ನಿನ್ನ್ ಅಬ್ಬಿಯೇ. ಹೊಯ್ಯಿ" ಎಂದರು. ಅವರ ಹಿಂದೆ ಕೇರಿಯ ಮನೆಮನೆಯವರೂ ಕೊಡ ಹಿಡಿದು ಬಂದರು.

ತೊಟ್ಟಿ ತುಂಬಿತು. ಜಲಜ ದೋಣಿಯನ್ನು ನೀರಿಗೆ ಬಿಟ್ಟಳು. ಅದು ಎಡಕ್ಕೆ ವಾಲಿತು, ಮರುಕ್ಷಣ ನೆಟ್ಟಗೆ ನಿಂತಿತು. ಮುದುಕರು ಕಣ್ಣೊರೆಸಿಕೊಂಡರು.

ಯಾವುದೂ ತೇಲಿದ್ದನ್ನು ಹುಟ್ಟಿದಾಗಿನಿಂದ ಕಾಣದ ಗಣಪ ತೊಟ್ಟಿಯೊಳಗೆ ಬಗ್ಗಿ ಬಗ್ಗಿ ನೋಡಿದ. "ಅಡಿಯಂಗೆ ಯಾರ್ ಹಿಡ್ಕಂಡದ್ ಮಾರಾಯ್ತಿ?"

"ನನ್ನ್ ಅಬ್ಬಿ" ಎಂದಳು ಜಲಜ, ತಲೆಯೆತ್ತಿ.